ವ್ಯಾಜೋಕ್ತಿಯೂ ಜನಹಿತವೂ

ಹೊರಬಿದ್ದ ಸಂಗತಿಯನ್ನು ಬೇರೊಂದು ನೆಪದಿಂದ ಮರೆಸುವ ಮಾತನ್ನು ನಮ್ಮ ಆಲಂಕಾರಿಕರು ವ್ಯಾಜೋಕ್ತಿಯೆಂದು ಕರೆದರು. ಕಾವ್ಯದಲ್ಲಿ ನೆಪವು ನೆಪವೆಂದು ಸಹೃದಯನಿಗೆ ತಿಳಿದಿರುವುದೇ ಅದರ ಸ್ವಾರಸ್ಯ. ಅದು ತಿಳಿಯಬಾರದೆಂದೇ ಬರೆದ ಗದ್ಯವನ್ನು ಹೇಗೆ ಓದಬೇಕು? 1954ರ ಜನವರಿ 4ರಂದು ಅಮೆರಿಕದ ನಾನೂರಕ್ಕೂ ಮಿಕ್ಕ ಪತ್ರಿಕೆಗಳಲ್ಲಿ ತಂಬಾಕು ಕಂಪನಿಗಳು ಅಚ್ಚುಹಾಕಿಸಿದ ‘ಮುಚ್ಚುಮರೆಯಿಲ್ಲದ ಹೇಳಿಕೆ’ಯನ್ನು ಈ ದೃಷ್ಟಿಯಿಂದ ನಾವು ಪರಿಶೀಲಿಸಿದ್ದೇವೆ.

ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ವಿಂಡರ್ ಮತ್ತು ಗ್ರಹಾಂ 1950ರಲ್ಲಿಯೇ ತೋರಿಸಿದ್ದರು. ಹೇಳಿಕೆಯು ಅದನ್ನು ಬರಿದೆ ಅಲ್ಲಗಳೆದು ಸುಮ್ಮನಾಗುವುದಿಲ್ಲ. ತಜ್ಞರಲ್ಲಿ ಒಮ್ಮತವಿಲ್ಲವೆನ್ನುತ್ತದೆ, ಜನಾರೋಗ್ಯವೇ ತಮ್ಮ ಮೊದಲ ಹೊಣೆಯೆನ್ನುತ್ತದೆ, ಸಂಶೋಧನಾ ಸಮಿತಿಯೊಂದನ್ನು ಸ್ಥಾಪಿಸುವುದಾಗಿ ವಚನವೀಯುತ್ತದೆ. ಈ ಶೈಲಿ ವರ್ತಕನದಲ್ಲ, ವಿದ್ವಾಂಸನದು. ಆದರೆ ಅದನ್ನು ರೂಪಿಸಿದುದು ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರಸಂಸ್ಥೆ.

ಸಂಶಯವು ವಿದ್ವತ್ತಿನ ಗುಣವಲ್ಲವೆ ಎಂಬ ಆಕ್ಷೇಪಣೆ ಬರಬಹುದು. ನಿಜ, ಆದರೆ ಪ್ರಾಮಾಣಿಕವಾದ ಸಂಶಯವು ಯಾವ ಪ್ರಮಾಣದಿಂದ ತಾನು ಪರಿಹಾರವಾದೀತೆಂಬುದನ್ನು ಹೇಳುತ್ತದೆ. ಈ ಸಂಶಯವೋ ಪ್ರಮಾಣಗಳು ಹೆಚ್ಚಿದಷ್ಟೂ ಇನ್ನೂ ಸಂಶೋಧನೆ ಬೇಕೆಂದಿತು. ಸಿಗರೇಟು ಪೆಟ್ಟಿಗೆಯ ಮೇಲೆ ಎಚ್ಚರಿಕೆಯ ಮಾತಿರಬೇಕೆಂಬ ಶಾಸನ ಅಲ್ಲಿ ಬಂದುದು 1965ರಲ್ಲಿ. ಸಮಿತಿಯು 1964ರಲ್ಲಿ ಹೆಸರು ಬದಲಿಸಿಕೊಂಡು ಮುಂದುವರಿಯಿತು. 1998ರ ಒಪ್ಪಂದದಂತೆ ಅದನ್ನು ವಿಸರ್ಜಿಸಬೇಕಾಯಿತು. ಪ್ರಮುಖ ಕಂಪನಿಗಳು ದಶಕಗಳ ಕಾಲ ಜನರನ್ನು ವಂಚಿಸಿದುವೆಂದು ವಾಷಿಂಗ್ಟನ್ನಿನ ಫೆಡರಲ್ ನ್ಯಾಯಾಲಯವು 2006ರಲ್ಲಿ ತೀರ್ಪಿತ್ತಿತು.

ವ್ಯಂಗ್ಯಾರ್ಥದ ಗ್ರಹಣಕ್ಕೆ ವಕ್ತೃವಿಶೇಷವೂ ಕಾರಣವೆಂದು ಮಮ್ಮಟನು ಎಣಿಸಿದ್ದಾನೆ. ಆ ಸೂತ್ರವನ್ನು ನಾವು ಕಾವ್ಯಪಾಠಕ್ಕಷ್ಟೇ ಮೀಸಲಿಟ್ಟೆವು. ಸಮಿತಿ, ಪರಿಷತ್ತು, ಸಂಶೋಧನಾಲಯಗಳ ಹೆಸರಿನಲ್ಲಿ ಬರುವ ಗದ್ಯವನ್ನೋದುವಾಗಲೂ ಇಲ್ಲಿ ಮಾತನಾಡುತ್ತಿರುವವರು ಯಾರು, ಅವರಿಗೆ ಹಣವೀಯುವವರು ಯಾರು ಎಂದು ಕೇಳುವುದು ವಿಮರ್ಶೆಯ ಹೊರಗಿನ ಕೆಲಸವಲ್ಲ. ಅದರ ಮೊದಲ ಕೆಲಸ.