ಗಿಟ್ ಸಬ್‌ಮಾಡ್ಯೂಲ್: ಗುಣದೋಷ ವಿವೇಚನೆ

ಹಲವು ಯೋಜನೆಗಳು ಒಂದೇ ಲೈಬ್ರರಿಯನ್ನು ಆಶ್ರಯಿಸಿರುವಾಗ ಆ ಲೈಬ್ರರಿಯನ್ನು ಪ್ರತಿಯೊಂದಕ್ಕೂ ಹೇಗೆ ಜೋಡಿಸಬೇಕೆಂಬುದು ಮೇಲುನೋಟಕ್ಕೆ ಕೇವಲ ಕುಶಲಕರ್ಮಿಯ ಪ್ರಶ್ನೆಯಾಗಿ ಕಾಣುತ್ತದೆ. ಪರಾಮರ್ಶಿಸಿ ನೋಡಿದರೆ ಅದು ಪ್ರಮಾಣದ ಪ್ರಶ್ನೆಯೂ ಹೌದೆಂದು ತಿಳಿಯುತ್ತದೆ. ಇಲ್ಲಿ ಲೈಬ್ರರಿಯೆಂದರೆ ಗ್ರಂಥಾಲಯವಲ್ಲ. ಬೇರೆ ಬೇರೆ ಪ್ರೋಗ್ರಾಮುಗಳು ಎರವಲು ಪಡೆದು ಉಪಯೋಗಿಸುವ ಸಿದ್ಧ ವಿಧಿಗಳ ಸಮುಚ್ಚಯ. ಒಂದು ವಿಭಾಗದ ಮೂವರು ಸಂಶೋಧಕರು ತಮ್ಮ ಪ್ರಬಂಧಗಳ ಗಣನೆಗೆ ಒಂದೇ ಲೈಬ್ರರಿಯನ್ನು ಬಳಸಿದರೆಂದು ಭಾವಿಸೋಣ. ಐದು ವರ್ಷಗಳ ತರುವಾಯ ಯಾರಾದರೂ ಒಂದು ಕೋಷ್ಟಕದ ಅಂಕಿಗಳನ್ನು ಮತ್ತೊಮ್ಮೆ ಗಣಿಸಿ ತೋರಿಸಬೇಕೆಂದು ಕೇಳಿದರೆ, ಅಂದು ಬಳಸಿದ ಲೈಬ್ರರಿಯು ಅಂದಿನ ಸ್ಥಿತಿಯಲ್ಲಿಯೇ ಕೈಗೆ ಸಿಕ್ಕಬೇಕು. ಸಿಕ್ಕದಿದ್ದರೆ ಅಂಕಿಗಳು ಸುಳ್ಳಾಗುವುದಿಲ್ಲ. ಅವು ನಿಜವೆಂದು ತೋರಿಸುವ ದಾರಿ ಮುಚ್ಚಿಹೋಗುತ್ತದೆ. ಆದಕಾರಣ ಜೋಡಣೆಯ ಪದ್ಧತಿ ಯಾವುದೇ ಇರಲಿ, ಅದನ್ನು ಇಂದಿನ ಅನುಕೂಲದಿಂದ ಅಳೆಯದೆ, ಹಿಂದಿನ ಸ್ಥಿತಿಯನ್ನು ಮರಳಿಸಿಕೊಡುವ ಸಾಮರ್ಥ್ಯದಿಂದ ಅಳೆಯಬೇಕೆಂಬುದು ಪ್ರಕೃತ ಲೇಖನದ ನಿಲುವು. ಗಿಟ್ ವ್ಯವಸ್ಥೆಯ ಸಬ್‌ಮಾಡ್ಯೂಲ್ ಪದ್ಧತಿಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದೇ ಇಲ್ಲಿಯ ಉದ್ದೇಶ.

ಜೋಡಣೆಯ ಅತ್ಯಂತ ಸರಳ ಮಾರ್ಗ ನಕಲು. ಲೈಬ್ರರಿಯ ಕಡತಗಳನ್ನು ಪ್ರತಿಯೊಂದು ಯೋಜನೆಯೊಳಗೂ ತಂದಿಟ್ಟುಕೊಂಡರೆ ಸದ್ಯದ ಕೆಲಸ ನಡೆಯುತ್ತದೆ. ಓಲೆಪ್ರತಿಗಳ ಪರಿಷ್ಕರಣದಲ್ಲಿ ತೊಡಗಿದವರಿಗೆ ಇದರ ಪರಿಣಾಮ ಅಪರಿಚಿತವಲ್ಲ. ಲಿಪಿಕಾರನೊಬ್ಬನು ಮಾಡಿದ ತಿದ್ದುಪಾಟು ಅವನ ಪ್ರತಿಯಲ್ಲಿಯೂ ಅದರ ಸಂತತಿಯಲ್ಲಿಯೂ ಉಳಿಯುವುದೇ ಹೊರತು ಉಳಿದ ಪ್ರತಿಗಳಿಗೆ ತಲಪುವುದಿಲ್ಲ. ಕಾಲಕ್ರಮದಲ್ಲಿ ಪಾಠಾಂತರಗಳು ಬೆಳೆದು ಮೂಲಪಾಠ ಯಾವುದೆಂಬುದೇ ವಿವಾದಾಸ್ಪದವಾಗುತ್ತದೆ. ನಕಲಾದ ಲೈಬ್ರರಿಯ ಗತಿಯೂ ಇದೇ. ಒಂದು ಯೋಜನೆಯಲ್ಲಿ ಕಂಡುಹಿಡಿದು ಸರಿಪಡಿಸಿದ ದೋಷವು ಉಳಿದೆರಡರಲ್ಲಿ ಹಾಗೆಯೇ ಉಳಿಯುತ್ತದೆ. ಮೂಲದೊಡನೆ ಸಂಬಂಧವನ್ನು ಕಡಿದುಕೊಳ್ಳದೆ ಬಳಸುವ ಉಪಾಯ ಬೇಕಾದುದು ಈ ಕಾರಣದಿಂದ.

ಆವೃತ್ತಿ ನಿಯಂತ್ರಣ ವ್ಯವಸ್ಥೆಗಳಲ್ಲಿ ಮೊದಮೊದಲಿನವು ಈ ಪ್ರಶ್ನೆಯನ್ನು ಎತ್ತಿಕೊಳ್ಳಲಿಲ್ಲ. ೧೯೭೨ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಚ್‌ಕೈಂಡ್ ರಚಿಸಿದ ಎಸ್‌ಸಿಸಿಎಸ್ ಆಗಲಿ, ೧೯೮೨ರ ಸುಮಾರಿಗೆ ವಾಲ್ಟರ್ ಟಿಕಿ ರಚಿಸಿದ ಆರ್‌ಸಿಎಸ್ ಆಗಲಿ, ಒಂದೊಂದು ಕಡತದ ಇತಿಹಾಸವನ್ನು ಬಿಡಿಬಿಡಿಯಾಗಿ ಕಾಪಾಡುತ್ತಿದ್ದುವು. ಯೋಜನೆಯೊಂದರ ಸಮಗ್ರ ಸ್ಥಿತಿ ಎಂಬ ಕಲ್ಪನೆ ಬಲಗೊಂಡ ಮೇಲೆ ಮಾತ್ರ, ಆ ಸ್ಥಿತಿಯಲ್ಲಿ ಹೊರಗಿನ ಲೈಬ್ರರಿಯ ಸ್ಥಾನವೇನು ಎಂದು ಕೇಳುವುದು ಸಾಧ್ಯವಾಯಿತು. ೨೦೦೦ದಲ್ಲಿ ಆರಂಭವಾಗಿ ೨೦೦೪ರಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಕಂಡ ಸಬ್‌ವರ್ಷನ್, ಎಕ್ಸ್‌ಟರ್ನಲ್ಸ್ ಎಂಬ ಗುಣವಾಚಕದ ಮೂಲಕ ಒಂದು ಉತ್ತರ ಕೊಟ್ಟಿತು. ಇಂಥ ಕೋಶದೊಳಗೆ ಇಂಥ ವಿಳಾಸದಲ್ಲಿರುವುದನ್ನು ತಂದಿಡು ಎಂದು ಅದರಲ್ಲಿ ಬರೆದಿಡಬಹುದು. ಆದರೆ ಆವೃತ್ತಿಯ ಸಂಖ್ಯೆಯನ್ನು ಬರೆಯುವ ನಿರ್ಬಂಧವಿಲ್ಲ. ಬರೆಯದಿದ್ದರೆ ಲೈಬ್ರರಿಯ ಇತ್ತೀಚಿನ ರೂಪವೇ ಬರುತ್ತದೆ. ಹೀಗಾಗಿ ಐದು ವರ್ಷದ ಹಿಂದಿನ ಯೋಜನೆಯನ್ನು ಹೊರತೆಗೆದವನಿಗೆ ಹಳೆಯ ಯೋಜನೆಯೊಡನೆ ಇಂದಿನ ಲೈಬ್ರರಿ ದೊರೆಯುತ್ತದೆ. ಹಿಂದೆಂದೂ ಇಲ್ಲದಿದ್ದ ಸ್ಥಿತಿಯೊಂದು ಇತಿಹಾಸದ ವೇಷದಲ್ಲಿ ಎದುರು ನಿಲ್ಲುತ್ತದೆ. ಅದನ್ನು ಕಂಡು ಸಂಶಯಪಡಲು ಯಾವ ಕಾರಣವೂ ಇರದೆಂಬುದೇ ಈ ಪದ್ಧತಿಯ ದೊಡ್ಡ ದೋಷ.

ಲೀನಸ್ ಟೋರ್ವಾಲ್ಡ್ಸ್ ೨೦೦೫ರಲ್ಲಿ ಆರಂಭಿಸಿದ ಗಿಟ್ ವ್ಯವಸ್ಥೆಗೆ ಸಬ್‌ಮಾಡ್ಯೂಲ್ ಆಜ್ಞೆ ಸೇರಿದುದು ೨೦೦೭ರಲ್ಲಿ. ಗಿಟ್‌ನಲ್ಲಿ ಪ್ರತಿಯೊಂದು ದಾಖಲಾದ ಸ್ಥಿತಿಗೂ, ಎಂದರೆ ಕಮಿಟ್ಟಿಗೂ, ಅದರ ವಿಷಯದಿಂದಲೇ ಹುಟ್ಟುವ ಒಂದು ಮುದ್ರೆಯಿದೆ. ಬಹುತೇಕ ಭಂಡಾರಗಳಲ್ಲಿ ಅದು ಷಾ–೧ ಎಂಬ ಗಣಿತವಿಧಿಯಿಂದ ಪಡೆದ, ಷೋಡಶಮಾನದ ೪೦ ಅಂಕಗಳ ಸಂಖ್ಯೆ. ವಿಷಯದಲ್ಲಿ ಒಂದಕ್ಷರ ಬದಲಾದರೂ ಮುದ್ರೆ ಬದಲಾಗುತ್ತದೆ. ಒಂದೇ ಮುದ್ರೆಯುಳ್ಳ ಎರಡು ಭಿನ್ನ ಕಡತಗಳನ್ನು ಬುದ್ಧಿಪೂರ್ವಕವಾಗಿ ರಚಿಸಬಹುದೆಂದು ೨೦೧೭ರಲ್ಲಿ ತೋರಿಸಿದ್ದಾರೆ; ಆಕಸ್ಮಿಕವಾಗಿ ಹಾಗಾಗುವ ಸಂಭವ ಮಾತ್ರ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಸಬ್‌ಮಾಡ್ಯೂಲ್ ಪದ್ಧತಿಯಲ್ಲಿ ತಾಯಿಯೋಜನೆಯು ಲೈಬ್ರರಿಯ ಕಡತಗಳನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ಲೈಬ್ರರಿ ಇರಬೇಕಾದ ಕೋಶದ ಎದುರಿಗೆ ೧೬೦೦೦೦ ಎಂಬ ವಿಶೇಷ ಸಂಕೇತವನ್ನೂ ಲೈಬ್ರರಿಯ ಒಂದು ಕಮಿಟ್ಟಿನ ಮುದ್ರೆಯನ್ನೂ ದಾಖಲಿಸುತ್ತದೆ. ಆ ಲೈಬ್ರರಿಯ ಭಂಡಾರ ಎಲ್ಲಿದೆಯೆಂಬ ವಿಳಾಸವನ್ನು ಗಿಟ್‌ಮಾಡ್ಯೂಲ್ಸ್ ಎಂಬ ಬೇರೊಂದು ಕಡತದಲ್ಲಿ ಬರೆದಿಡುತ್ತದೆ. ‘ಯಾವುದು’ ಎಂಬುದಕ್ಕೆ ಮುದ್ರೆ, ‘ಎಲ್ಲಿ’ ಎಂಬುದಕ್ಕೆ ವಿಳಾಸ: ಈ ವಿಭಜನೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪದ್ಧತಿಯ ಗುಣದೋಷಗಳೆರಡೂ ಸ್ಪಷ್ಟವಾಗುತ್ತವೆ.

ಬಳಕೆದಾರರು ಇದರ ಮೇಲೆ ಹೊರಿಸುವ ಆಕ್ಷೇಪಗಳು ಮುಖ್ಯವಾಗಿ ನಾಲ್ಕು. ಯೋಜನೆಯನ್ನು ಸಾಮಾನ್ಯ ರೀತಿಯಲ್ಲಿ ಇಳಿಸಿಕೊಂಡರೆ ಲೈಬ್ರರಿಯ ಕೋಶ ಬರಿದಾಗಿರುತ್ತದೆ ಎಂಬುದು ಮೊದಲನೆಯದು. ಲೈಬ್ರರಿಯನ್ನು ತಂದ ಮೇಲೂ ಅದು ಯಾವ ಶಾಖೆಗೂ ಸೇರದ, ಡಿಟ್ಯಾಚ್ಡ್ ಹೆಡ್ ಎಂಬ ಸ್ಥಿತಿಯಲ್ಲಿರುವುದರಿಂದ, ಅರಿಯದವರು ಅಲ್ಲಿ ಮಾಡಿದ ಕೆಲಸ ಕಣ್ಮರೆಯಾಗುವ ಭಯವಿದೆ ಎಂಬುದು ಎರಡನೆಯದು. ಲೈಬ್ರರಿಯಲ್ಲಿ ಮಾಡಿದ ಬದಲಾವಣೆಯನ್ನು ಅದರ ಭಂಡಾರಕ್ಕೆ ಕಳುಹಿಸದೆ ತಾಯಿಯೋಜನೆಯನ್ನು ಮಾತ್ರ ಕಳುಹಿಸಿದರೆ, ಇತರರಿಗೆ ದೊರೆಯದ ಮುದ್ರೆಯೊಂದು ದಾಖಲಾಗಿಬಿಡುತ್ತದೆ ಎಂಬುದು ಮೂರನೆಯದು. ಲೈಬ್ರರಿಯ ಹೊಸ ರೂಪಗಳು ತಾವಾಗಿಯೇ ಯೋಜನೆಗೆ ಬರುವುದಿಲ್ಲ ಎಂಬುದು ನಾಲ್ಕನೆಯದು.

ಇವುಗಳಲ್ಲಿ ಮೊದಲನೆಯ ಎರಡು ಉಪಕರಣದ ನಡವಳಿಕೆಗೆ ಸಂಬಂಧಿಸಿದ ದೋಷಗಳು. ಇಳಿಸಿಕೊಳ್ಳುವಾಗಲೇ ಸಬ್‌ಮಾಡ್ಯೂಲುಗಳನ್ನೂ ತರುವಂತೆ ಕೇಳುವ ಸೌಕರ್ಯ ಗಿಟ್‌ನಲ್ಲಿ ಇದೆ. ಕೇಳದವನಿಗೆ ಅದು ಏನನ್ನೂ ಹೇಳದಿರುವುದು ಮಾತ್ರ ತಪ್ಪು. ಮೂರನೆಯದು ಗುರುತರವಾದದ್ದು. ಕಳುಹಿಸುವ ಮುನ್ನ ಲೈಬ್ರರಿಯ ಕಮಿಟ್ಟು ಅದರ ಭಂಡಾರವನ್ನು ತಲಪಿದೆಯೇ ಎಂದು ಪರೀಕ್ಷಿಸುವ ಆಯ್ಕೆಯಿದ್ದರೂ, ಬಳಕೆದಾರನು ಹೇಳದ ಹೊರತು ಅದು ಜಾರಿಗೆ ಬರುವುದಿಲ್ಲ. ಪ್ರಮಾಣವನ್ನು ಕಾಪಾಡುವ ಪರೀಕ್ಷೆಯನ್ನು ಐಚ್ಛಿಕವಾಗಿ ಬಿಟ್ಟುದನ್ನು ಸಮರ್ಥಿಸುವುದು ಕಷ್ಟ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ನಾಲ್ಕನೆಯ ಆಕ್ಷೇಪವೇ ನಿರಾಧಾರವಾದುದು. ಗ್ರಂಥವೊಂದನ್ನು ಉಲ್ಲೇಖಿಸುವ ವಿದ್ವಾಂಸನು ಮುದ್ರಣದ ವರ್ಷವನ್ನೂ ಪುಟವನ್ನೂ ಕೊಡುತ್ತಾನೆ. ಮುಂದೆ ಹೊರಡಲಿರುವ ಪರಿಷ್ಕೃತ ಮುದ್ರಣಗಳೆಲ್ಲವನ್ನೂ ತನ್ನ ಉಲ್ಲೇಖ ತಾನಾಗಿಯೇ ಹಿಂಬಾಲಿಸಲಿ ಎಂದು ಅವನು ಬಯಸುವುದಿಲ್ಲ. ಸಬ್‌ಮಾಡ್ಯೂಲಿನ ಹಟವೂ ಇಂಥದೇ. ಹೊಸ ರೂಪ ಬೇಕಾದವನು ಅದನ್ನು ತಂದು, ಪರೀಕ್ಷಿಸಿ, ಹೊಸ ಮುದ್ರೆಯನ್ನು ತನ್ನ ಹೆಸರಿನಲ್ಲಿ ದಾಖಲಿಸಬೇಕು. ಬದಲಾವಣೆಯ ಹೊಣೆ ಯಾರದು, ದಿನಾಂಕ ಯಾವುದು ಎಂಬುದು ಇತಿಹಾಸದಲ್ಲಿ ನಿಲ್ಲುತ್ತದೆ. ಬಿಗಿತನವೆಂದು ನಿಂದಿಸಲಾಗಿರುವುದು ವಾಸ್ತವವಾಗಿ ಪ್ರಾಮಾಣಿಕತೆ.

ಹಾಗಾದರೆ ಪದ್ಧತಿಯ ನಿಜವಾದ ದೌರ್ಬಲ್ಯ ಎಲ್ಲಿದೆ? ಅದು ಮುದ್ರೆಯಲ್ಲಿಲ್ಲ, ವಿಳಾಸದಲ್ಲಿದೆ. ಮುದ್ರೆ ವಿಷಯದಿಂದ ಹುಟ್ಟಿದುದು, ವಿಷಯ ಇರುವವರೆಗೂ ಸತ್ಯ. ವಿಳಾಸವಾದರೋ ಯಾರೋ ಒಬ್ಬರ ಮನೆಯ ಬಾಗಿಲು. ಗೂಗಲ್ ಕೋಡ್ ಎಂಬ ಭಂಡಾರಾಲಯ ೨೦೧೬ರ ಜನವರಿಯಲ್ಲಿ ಮುಚ್ಚಿತು. ಗಿಟ್‌ಹಬ್ ಸಂಸ್ಥೆಯು ಗೂಢಲಿಪಿಯ ರಕ್ಷಣೆಯಿಲ್ಲದ ಹಳೆಯ ಗಿಟ್ ಸಂಪರ್ಕವಿಧಾನವನ್ನು ೨೦೨೨ರ ಮಾರ್ಚ್ ೧೫ರಂದು ಶಾಶ್ವತವಾಗಿ ನಿಲ್ಲಿಸಿತು. ರಕ್ಷಣೆಯ ದೃಷ್ಟಿಯಿಂದ ಈ ಕ್ರಮ ಯುಕ್ತವಾದುದೇ. ಆದರೆ ಆ ವಿಧಾನದ ವಿಳಾಸಗಳು ಎಷ್ಟೋ ಯೋಜನೆಗಳ ಹಳೆಯ ಕಮಿಟ್ಟುಗಳಲ್ಲಿ ಬರೆದಿದ್ದುವು, ಮತ್ತು ದಾಖಲಾದ ಇತಿಹಾಸವನ್ನು ಮುದ್ರೆಗಳು ಕೆಡದಂತೆ ತಿದ್ದಲಾಗದು. ಇಂದಿನ ಕಮಿಟ್ಟಿನಲ್ಲಿ ವಿಳಾಸವನ್ನು ಸರಿಪಡಿಸಿದರೂ ನಿನ್ನೆಯದು ಹಳೆಯ ಬಾಗಿಲನ್ನೇ ತಟ್ಟುತ್ತದೆ. ಹಳೆಯ ವಿಳಾಸಕ್ಕೆ ಬದಲಾಗಿ ಹೊಸದನ್ನು ಓದಿಕೊಳ್ಳುವಂತೆ ಗಿಟ್‌ಗೆ ಹೇಳಬಹುದು. ಆದರೆ ಆ ಸೂಚನೆ ಓದುಗನ ಯಂತ್ರದಲ್ಲಿರುತ್ತದೆಯೇ ಹೊರತು ದಾಖಲೆಯಲ್ಲಿ ಅಲ್ಲ. ಇಷ್ಟಾದರೂ ಒಂದು ಸಮಾಧಾನವಿದೆ: ಲೈಬ್ರರಿಯ ಪ್ರತಿ ಬೇರೆಲ್ಲಿ ದೊರೆತರೂ ಅದು ಅದೇ ಹೌದೋ ಅಲ್ಲವೋ ಎಂಬುದನ್ನು ಮುದ್ರೆ ನಿರ್ಣಯಿಸಿ ಹೇಳುತ್ತದೆ.

ಪರ್ಯಾಯಗಳನ್ನೂ ಇದೇ ಒರೆಗೆ ಹಚ್ಚಬೇಕು. ಏವರಿ ಪೆನರನ್ ೨೦೦೯ರಲ್ಲಿ ರಚಿಸಿದ, ೨೦೧೨ರಲ್ಲಿ ಗಿಟ್‌ನೊಡನೆ ಹಂಚಲಾರಂಭಿಸಿದ ಸಬ್‌ಟ್ರೀ ಪದ್ಧತಿಯು ಲೈಬ್ರರಿಯನ್ನು ಯೋಜನೆಯ ಒಳಕ್ಕೇ ತರುತ್ತದೆ. ಯಾರ ವಿಳಾಸದ ಹಂಗೂ ಇಲ್ಲದೆ ಹಳೆಯ ಸ್ಥಿತಿ ಪೂರ್ಣವಾಗಿ ದೊರೆಯುವುದು ಇದರ ದೊಡ್ಡ ಗುಣ. ಆದರೆ ಯೋಜನೆಗೂ ಲೈಬ್ರರಿಗೂ ನಡುವಿನ ಎಲ್ಲೆ ಮಸುಕಾಗಿ, ಮಾಡಿದ ತಿದ್ದುಪಾಟನ್ನು ಮೂಲಕ್ಕೆ ಮರಳಿಸುವ ಕೆಲಸ ಪ್ರಯಾಸಕರವಾಗುತ್ತದೆ. ಎಲ್ಲವನ್ನೂ ಒಂದೇ ಭಂಡಾರದಲ್ಲಿಡುವ ಮಾರ್ಗವನ್ನು ಗೂಗಲ್ ಸಂಸ್ಥೆ ಅನುಸರಿಸುತ್ತಿದೆ. ಎಲ್‌ಎಲ್‌ವಿಎಂ ಯೋಜನೆಯು ಸಬ್‌ಮಾಡ್ಯೂಲುಗಳ ಸಲಹೆಯನ್ನೂ ಚರ್ಚಿಸಿ, ಕೊನೆಗೆ ೨೦೧೯ರ ಅಕ್ಟೋಬರಿನಲ್ಲಿ ಏಕಭಂಡಾರಕ್ಕೆ ಬದಲಾಯಿಸಿತು. ಒಂದೇ ಆಡಳಿತಕ್ಕೆ ಒಳಪಟ್ಟವರಿಗೆ ಇದು ಶ್ರೇಷ್ಠ. ಬೇರೆ ಬೇರೆ ಸಂಸ್ಥೆಗಳ ನಡುವೆ ಇದರ ಪ್ರಶ್ನೆಯೇ ಏಳುವುದಿಲ್ಲ. ಪ್ಯಾಕೇಜುಗಳ ಸಾರ್ವಜನಿಕ ಉಗ್ರಾಣಗಳನ್ನು ಅವಲಂಬಿಸಿದರೆ ಏನಾಗಬಹುದೆಂಬುದನ್ನು ೨೦೧೬ರ ಮಾರ್ಚ್ ತಿಂಗಳು ತೋರಿಸಿಕೊಟ್ಟಿತು: ಹನ್ನೊಂದು ಸಾಲುಗಳ ಲೆಫ್ಟ್‌ಪ್ಯಾಡ್ ಎಂಬ ಪ್ಯಾಕೇಜನ್ನು ಅದರ ಕರ್ತೃ ಎನ್‌ಪಿಎಂ ಉಗ್ರಾಣದಿಂದ ಹಿಂತೆಗೆದುಕೊಂಡಾಗ, ಅದನ್ನು ನೇರವಾಗಿಯೋ ಪರೋಕ್ಷವಾಗಿಯೋ ನೆಚ್ಚಿದ್ದ ಅಸಂಖ್ಯ ಯೋಜನೆಗಳ ನಿರ್ಮಾಣ ಸ್ಥಗಿತವಾಯಿತು. ಅಲ್ಲಿಯೂ ಕೊರತೆ ಅದೇ: ಹೆಸರು ಉಳಿಯಿತು, ವಸ್ತು ಇರಲಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಗುರುತಿನ ವಿಷಯದಲ್ಲಿ ಸಬ್‌ಮಾಡ್ಯೂಲ್ ಎಕ್ಸ್‌ಟರ್ನಲ್ಸ್‌ಗಿಂತ ನಿಸ್ಸಂದೇಹವಾಗಿ ಮೇಲು. ಇರವಿನ ವಿಷಯದಲ್ಲಿ ಸಬ್‌ಟ್ರೀಗಿಂತ ಕೀಳು. ಸಂಶೋಧನ ವಿಭಾಗಗಳು ಇದರಿಂದ ಮೂರು ವಿಧಿಗಳನ್ನು ಗ್ರಹಿಸಬಹುದು. ಚಿಕ್ಕದಾದ, ಅಪರೂಪಕ್ಕೆ ಬದಲಾಗುವ ಲೈಬ್ರರಿಯನ್ನು ಸಬ್‌ಟ್ರೀಯಾಗಿ ಒಳಕ್ಕೇ ತೆಗೆದುಕೊಳ್ಳುವುದು ಲೇಸು. ಬೆಳೆಯುತ್ತಿರುವ, ಹಲವರು ಕೂಡಿ ತಿದ್ದುವ ಲೈಬ್ರರಿಗೆ ಸಬ್‌ಮಾಡ್ಯೂಲ್ ಯೋಗ್ಯ; ಆದರೆ ಅದರ ಭಂಡಾರದ ಪೂರ್ಣ ಪ್ರತಿಯೊಂದು ವಿಭಾಗದ ವಶದಲ್ಲಿಯೇ ಇರಬೇಕು. ಕಟ್ಟಕಡೆಯದಾಗಿ, ಪ್ರಬಂಧದೊಡನೆ ಒಪ್ಪಿಸುವ ಪ್ರತಿಯನ್ನು ಗಿಟ್‌ನ ಆರ್ಕೈವ್ ಆಜ್ಞೆಯಿಂದಾಗಲಿ ಗಿಟ್‌ಹಬ್ ತಾನಾಗಿ ಕಟ್ಟಿಕೊಡುವ ಸಂಪುಟದಿಂದಾಗಲಿ ತೆಗೆದು ತೃಪ್ತರಾಗಬಾರದು. ಅವೆರಡರಲ್ಲಿಯೂ ಸಬ್‌ಮಾಡ್ಯೂಲಿನ ಕೋಶ ಬರಿದಾಗಿಯೇ ಇರುತ್ತದೆ. ಗಣನೆಯ ಮೂಲಾಧಾರವೇ ಇಲ್ಲದ ಸಂಪುಟವು ಕಪಾಟಿನಲ್ಲಿ ಭದ್ರವಾಗಿದ್ದು ಫಲವೇನು? ಅದನ್ನು ಒಪ್ಪಿಸುವ ಮೊದಲು ಬೇರೊಂದು ಯಂತ್ರದಲ್ಲಿ, ಬೇರೊಬ್ಬ ವಿದ್ಯಾರ್ಥಿಯ ಕೈಯಲ್ಲಿ ತೆರೆದು ನಡೆಸಿ ನೋಡುವುದು ಪರಿಷ್ಕರಣದ ಕೊನೆಯ ಕರ್ತವ್ಯವೆಂದು ತಿಳಿಯತಕ್ಕದ್ದು.