ಲೈನ್ ಹೋತು, ಲೈನ್ ಬಂತು

ಹುಬ್ಬಳ್ಳಿ ಮಾತಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಅತಿ ಹೆಚ್ಚು ದುಡಿಯುವ ಇಂಗ್ಲಿಷ್ ಪದ ಯಾವುದು ಎಂದು ಕೇಳಿದರೆ ನಾನು ‘ಲೈನ್’ ಎನ್ನುತ್ತೇನೆ. ‘ಲೈನ್ ಹೋತು’ ಅಂದರೆ ಕರೆಂಟು ಹೋಯಿತು. ‘ಲೈನ್ ಹಚ್ಚ್ಯಾರ’ ಅಂದರೆ ಪಾಳಿ ನಿಂತಿದ್ದಾರೆ. ‘ಲೈನ್ ಹೊಡ್ಯಾಕತ್ತಾನ’ ಅಂದರೆ ಹುಡುಗ ಯಾರ ಹಿಂದೆಯೋ ಸುತ್ತುತ್ತಿದ್ದಾನೆ. ‘ಈಗ ಲೈನಿಗೆ ಬಂದಾನ’ ಅಂದರೆ ಹಾದಿ ತಪ್ಪಿದ್ದವನು ಸರಿಹೋಗಿದ್ದಾನೆ. ‘ನಿಮ್ಮ ಮಗಾ ಯಾವ ಲೈನಿನ್ಯಾಗ ಅದಾನ್ರೀ?’ ಅಂದರೆ ಉದ್ಯೋಗವೇನು ಎಂಬ ಪ್ರಶ್ನೆ. ಪದ ಒಂದು, ಅರ್ಥ ಐದು. ಆದರೂ ಕೇಳುವವರಿಗೆ ಒಂದು ಕ್ಷಣವೂ ಗೊಂದಲವಿಲ್ಲ. ಏಕಿಲ್ಲ ಎಂಬುದನ್ನೇ ಈ ವಾರ ನೋಡೋಣ.

ಒಂದು ಪದಕ್ಕೆ ಅರ್ಥಗಳು ಮುತ್ತಿಕೊಳ್ಳುವುದು ಇಂಗ್ಲಿಷಿಗೆ ಹೊಸದಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿ 20 ಸಂಪುಟಗಳದು. ಅದರಲ್ಲಿ ಅತಿ ಉದ್ದದ ವಿವರಣೆ ಪಡೆದ ಪದ ‘ಸೆಟ್’. ಅದಕ್ಕೆ ಸುಮಾರು 430 ಅರ್ಥಗಳನ್ನು ಕೊಟ್ಟಿದ್ದರು. ಮುಂದೆ ಪರಿಷ್ಕರಣೆ ನಡೆದಾಗ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳು. ಉದ್ದ ಉದ್ದದ ಪಾಂಡಿತ್ಯದ ಪದಗಳಿಗೆ ಒಂದೋ ಎರಡೋ ಅರ್ಥ. ದಿನಬಳಕೆಯ ತುಂಡು ಪದಗಳಿಗೆ ನೂರಾರು. ಹೆಚ್ಚು ಕೈಗಳಲ್ಲಿ ಓಡಾಡಿದ ಪದಕ್ಕೆ ಹೆಚ್ಚು ಅರ್ಥ.

ಇಂಗ್ಲಿಷಿನಲ್ಲಿ ಇಂಥ ಪದಗಳ ಅರ್ಥ ಬದಲಿಸುವ ಕೆಲಸವನ್ನು ಬಹುಮಟ್ಟಿಗೆ ಹಿಂದೆ ಮುಂದೆ ಸೇರುವ ‘ಅಪ್’, ‘ಔಟ್’, ‘ಆಫ್’ ಮುಂತಾದ ಚಿಕ್ಕ ಮಾತುಗಳು ಮಾಡುತ್ತವೆ. ಕನ್ನಡದಲ್ಲಿ ಆ ಕೆಲಸ ಕ್ರಿಯಾಪದದ್ದು. ಹಚ್ಚು, ಹೊಡಿ, ಎಳಿ, ಹಿಡಿ, ಹೋಗು, ಬಾ — ಇವೆಲ್ಲ ನಮ್ಮ ಹಳೆಯ, ಗಟ್ಟಿ ಪದಗಳು. ಲೈನ್ ಹಚ್ಚಿದರೆ ಜನ, ಎಳೆದರೆ ತಂತಿ ಅಥವಾ ಗೆರೆ, ಹಿಡಿದರೆ ವೃತ್ತಿ, ಹೊಡೆದರೆ ಪ್ರೀತಿಯ ಹವಣಿಕೆ, ಹೋದರೆ ಕತ್ತಲೆ. ನಾಮಪದ ಹೊರಗಿನದು. ಅದಕ್ಕೆ ಅರ್ಥ ಕೊಡುವ ಕ್ರಿಯಾಪದ ಒಳಗಿನದು. ಎರವಲು ಪದ ಬಂದ ಕೂಡಲೇ ಕನ್ನಡ ಸೋತಿತೆಂದು ಮರುಗುವವರಿಗೆ ನಾನು ಹೇಳುವುದು ಇಷ್ಟೇ: ವಾಕ್ಯದ ಕೊನೆಗೆ ಕಿವಿ ಕೊಡಿ. ಅಲ್ಲಿ ಆಳುತ್ತಿರುವುದು ಕನ್ನಡ.

ಈ ಪದದ ಮೂಲ ನಮ್ಮ ಊಟದ ತಟ್ಟೆಗೆ ಬಹಳ ಹತ್ತಿರವಿದೆ. ಲ್ಯಾಟಿನ್ ಭಾಷೆಯಲ್ಲಿ ‘ಲೀನಮ್’ ಅಂದರೆ ಅಗಸೆ ಗಿಡ. ಅದರ ನಾರಿನಿಂದ ಹೊಸೆದ ದಾರಕ್ಕೆ ‘ಲೀನಿಯಾ’ ಎನ್ನುತ್ತಿದ್ದರು. ಲಿನನ್ ಬಟ್ಟೆ, ಲಿನ್‌ಸೀಡ್ ಎಣ್ಣೆ, ಲೈನ್ — ಮೂರೂ ಆ ಗಿಡದಿಂದಲೇ ಹುಟ್ಟಿದ ಹೆಸರುಗಳು. ಯುರೋಪಿನಲ್ಲಿ ಉದ್ದ ಬೆಳೆಯುವ ತಳಿಯನ್ನು ನಾರಿಗಾಗಿ ಬೆಳೆದರು. ನಮ್ಮಲ್ಲಿ ಗಿಡ್ಡಗೆ ಕವಲೊಡೆಯುವ ತಳಿಯನ್ನು ಕಾಳಿಗಾಗಿ ಬೆಳೆದರು. ಸಸ್ಯಶಾಸ್ತ್ರದ ಪ್ರಕಾರ ಎರಡೂ ಒಂದೇ. ರೊಟ್ಟಿಯ ಮಗ್ಗುಲಲ್ಲಿ ಎಣ್ಣೆ ಬಿಟ್ಟುಕೊಂಡು ಹಚ್ಚಿಕೊಳ್ಳುವ ಅಗಸಿ ಹಿಂಡಿ ಆ ಕಾಳಿನದೇ. ಹಾಗೆ ನೋಡಿದರೆ ‘ಅಗಸಿ’ಗೂ ನಮ್ಮ ಕಡೆ ಎರಡು ಅರ್ಥ: ಹೊಲದ ಬೆಳೆ ಒಂದು, ಊರ ಹೆಬ್ಬಾಗಿಲು ಇನ್ನೊಂದು. ಬಹ್ವರ್ಥದ ಸಿರಿತನ ಇಂಗ್ಲಿಷಿನ ಒಡವೆ ಮಾತ್ರವಲ್ಲ.

ದಾರ ಎಂಬ ಮೊಟ್ಟಮೊದಲ ಅರ್ಥದಲ್ಲಿ ‘ಲೈನ್’ ಇಂದಿಗೂ ಜೀವಂತವಾಗಿರುವುದು ಮನೆ ಕಟ್ಟುವಲ್ಲಿ. ಗೌಂಡಿ ಗೋಡೆ ಎಬ್ಬಿಸುವ ಮೊದಲು ಎರಡು ತುದಿಗೆ ಮೊಳೆ ಬಡಿದು ‘ಲೈನ್‌ದೋರಿ’ ಬಿಗಿಯುತ್ತಾನೆ. ಇಟ್ಟಂಗಿಯ ಪ್ರತಿ ವರಸೆ ಆ ದಾರಕ್ಕೆ ತಾಗಿ ನಡೆಯಬೇಕು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಓಳಂಬ, ಸಾಲು ನೆಟ್ಟಗಿದೆಯೇ ಎಂದು ನೋಡಲು ಲೈನ್‌ದೋರಿ. ‘ಗ್ವಾಡಿ ಲೈನಿನ್ಯಾಗ ಇಲ್ಲ’ ಎಂದು ಮಾಲೀಕರು ತಕರಾರು ತೆಗೆದರೆ ಅವರು ಆಡುತ್ತಿರುವುದು ಎರಡು ಸಾವಿರ ವರ್ಷ ಹಳೆಯ ಅರ್ಥವನ್ನೇ. ‘ಲೈನಿಗೆ ಬಂದಾನ’ ಎಂದು ಮನುಷ್ಯನ ನಡತೆಯನ್ನು ಅಳೆಯುವಾಗಲೂ ಅದೇ ದಾರವನ್ನು ಕಟ್ಟುತ್ತೇವೆ.

ಟೇಲರ್ ಅಂಗಡಿಗೆ ಬಂದರೆ ಸ್ವಾರಸ್ಯ ಇನ್ನೂ ಹೆಚ್ಚು. ‘ಜಂಪರಿಗೆ ಲೈನಿಂಗ್ ಹಾಕ್ರಿ’ ಅಂದರೆ ಒಳಗೆ ಅಸ್ತರು ಕೊಡಿ ಎಂದು. ‘ಲೈನಿಂಗ್ ಅಂಗಿ ಹೊಲೀರಿ’ ಅಂದರೆ ಗೆರೆ ಗೆರೆಯ ಬಟ್ಟೆಯ ಅಂಗಿ. ಮೊದಲನೆಯದು ಇಂಗ್ಲಿಷಿನಲ್ಲೂ ಇದೆ. ಬಟ್ಟೆಯ ಒಳಮೈಗೆ ಲಿನನ್ ಕೊಡುತ್ತಿದ್ದ ಕಾಲದಿಂದ ಆ ಹೆಸರು ಬಂತು. ಎರಡನೆಯದು ನಮ್ಮ ದೇಶದ ಬಳಕೆ. ಇಂಗ್ಲಿಷ್ ಬಲ್ಲವರು ಇದನ್ನು ತಪ್ಪು ಎನ್ನಬಹುದು. ನಾನು ಎನ್ನುವುದಿಲ್ಲ. ಕತ್ತರಿ ಹಿಡಿದವರಿಗೂ ಗಿರಾಕಿಗೂ ಅರ್ಥ ನಿಖರವಾಗಿ ಮುಟ್ಟಿದೆ. ಪದದಿಂದ ಅದಕ್ಕಿಂತ ಹೆಚ್ಚಿಗೆ ಕೇಳಬಾರದು.

ಹದಿನೆಂಟು-ಇಪ್ಪತ್ತು ಕಿಲೋಮೀಟರ್ ಆಚೆ ಧಾರವಾಡದಲ್ಲಿ ಇದೇ ಪದ ಒಂದು ಬಡಾವಣೆಯ ಹೆಸರಾಗಿ ನೆಲೆ ನಿಂತಿದೆ. ಬ್ರಿಟಿಷರ ಆಡಳಿತದ ಊರುಗಳಲ್ಲಿ ಸಿಪಾಯಿಗಳೂ ಪೊಲೀಸರೂ ಸಾಲುಮನೆಗಳಲ್ಲಿ ಇರುತ್ತಿದ್ದರು. ಆ ವಸತಿಗೆ ‘ಲೈನ್ಸ್’ ಎಂದು ಹೆಸರು. ಅಧಿಕಾರಿಗಳ ಭಾಗ ಸಿವಿಲ್ ಲೈನ್ಸ್, ಪೊಲೀಸರದು ಪೊಲೀಸ್ ಲೈನ್. ಕೊಡಗಿನ ಕಾಫಿ ತೋಟಗಳಲ್ಲಿ ಕಾರ್ಮಿಕರ ವಸತಿಗೆ ಇಂದಿಗೂ ‘ಲೈನ್‌ಮನೆ’ ಎನ್ನುತ್ತಾರೆ. ಧಾರವಾಡದ ಲೈನ್ ಬಜಾರದ ಹೆಸರಿನಲ್ಲೂ ಉಳಿದಿರುವುದು ಆ ಕಾಲದ ಮಾತೇ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ ಪೇಡೆ ಮಾಡಿ ಹೆಸರಾದದ್ದು ಇಲ್ಲಿಯೇ. ಆದ್ದರಿಂದ ಹಳಬರ ಬಾಯಲ್ಲಿ ಅದು ‘ಲೈನ್ ಬಜಾರ ಪೇಡೆ’. ಧಾರವಾಡ ಪೇಡೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಸಿಪಾಯಿಗಳ ಸಾಲು ಹೋಗಿ ಎಷ್ಟೋ ಕಾಲವಾಯಿತು. ಈಗ ಆ ಹೆಸರು ಹೇಳಿದರೆ ನೆನಪಾಗುವುದು ಸಕ್ಕರೆಯಲ್ಲಿ ಹೊರಳಿಸಿದ ಕಂದು ಪೇಡೆ.

ಹುಬ್ಬಳ್ಳಿಯ ಮಟ್ಟಿಗೆ ಈ ಪದವನ್ನು ಮನೆಮನೆಗೆ ಮುಟ್ಟಿಸಿದ್ದು ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಸೀಮೆಯಲ್ಲಿ ಹಳಿ ಹಾಸಿತು, ವರ್ಕ್‌ಶಾಪ್ ಬಂತು, 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೂ ಇಲ್ಲಿಯೇ ಆಯಿತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದದ್ದು, ಜಗತ್ತಿನಲ್ಲೇ ಅತಿ ಉದ್ದದ್ದು. ಆದರೆ ಪ್ಲಾಟ್‌ಫಾರ್ಮ್ ಎಣಿಸುವವರು ಪ್ರಯಾಣಿಕರು. ರೈಲ್ವೆಯವರು ಎಣಿಸುವುದು ಲೈನ್: ಮೇನ್ ಲೈನ್, ಲೂಪ್ ಲೈನ್. ಊರಿನ ಬೇರೆ ಕಚೇರಿಗಳಲ್ಲೂ ಮೂಲೆಯ ಹುದ್ದೆಗೆ ಹೋದವರನ್ನು ಕುರಿತು ‘ಲೂಪ್ ಲೈನಿಗೆ ಹಾಕ್ಯಾರ’ ಅನ್ನುವುದು ಈ ಹಳಿಗಳ ಭಾಷೆಯಲ್ಲಿಯೇ.

ರೈಲಿನಿಂದ ಬಂದ ಬಳಕೆಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಎನಿಸುವುದು ‘ಲೈನ್ ಕ್ಲಿಯರ್’. ಒಂಟಿ ಹಳಿಯ ಮೇಲೆ ಎದುರುಬದುರು ಗಾಡಿಗಳು ಬರಬಾರದು. ಆದ್ದರಿಂದ ಒಂದು ಸ್ಟೇಷನ್ನಿನ ಮಾಸ್ತರರು ಮುಂದಿನ ಸ್ಟೇಷನ್ನಿಗೆ ಕೇಳಿ, ಅಲ್ಲಿಂದ ‘ಲೈನ್ ಕ್ಲಿಯರ್’ ಬಂದ ಮೇಲಷ್ಟೇ ಗಾಡಿ ಬಿಡಬೇಕು. ಬಾಯಿಮಾತು ಸಾಲದೆಂದು ನೀಲ್ಸ್ ಬಾಲ್ ಟೋಕನ್ ಎಂಬ ಯಂತ್ರವಿತ್ತು. ಎರಡು ಸ್ಟೇಷನ್ನಿನ ಯಂತ್ರಗಳಿಗೂ ತಂತಿಯ ಸಂಬಂಧ. ಒಂದು ಉಕ್ಕಿನ ಗುಂಡು ಹೊರಬಂದರೆ, ಅದನ್ನು ಮತ್ತೆ ಯಂತ್ರದೊಳಗೆ ಹಾಕುವವರೆಗೆ ಎರಡೂ ಕಡೆ ಇನ್ನೊಂದು ಗುಂಡು ಬರುತ್ತಿರಲಿಲ್ಲ. ಆ ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಬೆತ್ತದ ಬಳೆಗೆ ಕಟ್ಟಿ, ಓಡುವ ಗಾಡಿಯ ಇಂಜಿನ್ನಿನವರ ಕೈಗೆ ಕೊಡುತ್ತಿದ್ದರು. ಗುಂಡು ಕೈಯಲ್ಲಿದ್ದರೆ ಮುಂದಿನ ಸ್ಟೇಷನ್ನಿನವರೆಗೆ ಹಳಿ ಅವರದು. ಇಲ್ಲಿಂದಲೇ ಮಾತು ಊರಿಗೆ ಇಳಿಯಿತು. ಬ್ಯಾಂಕಿನ ಸಾಲ ಮಂಜೂರಾದರೆ ಲೈನ್ ಕ್ಲಿಯರ್. ಹೆಣ್ಣಿನ ಕಡೆಯವರು ಒಪ್ಪಿದರೆ ಲೈನ್ ಕ್ಲಿಯರ್.

ಈಗ ಇದೇ ಮಾತನ್ನು ವಿದ್ಯುತ್ ಕಂಬದ ಬುಡದಲ್ಲಿ ಕೇಳಿ. ಹುಬ್ಬಳ್ಳಿ ವಿದ್ಯುತ್ ಕಂಪನಿ ಹೆಸ್ಕಾಂನ ಊರು. ಕಂಬ ಹತ್ತುವ ಮೊದಲು ಲೈನ್‌ಮನ್ ಸಬ್‌ಸ್ಟೇಷನ್ನಿಗೆ ತಿಳಿಸಿ ‘ಲೈನ್ ಕ್ಲಿಯರ್’ ಪಡೆಯಬೇಕು. ಅವರೇ ಚಿಕ್ಕದಾಗಿ ‘ಎಲ್‌ಸಿ’ ಎನ್ನುತ್ತಾರೆ. ಎಲ್‌ಸಿ ಕೊಟ್ಟರೆಂದರೆ ಆ ಫೀಡರಿನ ಬ್ರೇಕರ್ ತೆಗೆದಿದ್ದಾರೆ ಎಂದರ್ಥ. ಆಮೇಲೆ ತಂತಿಗೆ ಅರ್ಥಿಂಗ್ ಕೊಟ್ಟು ಕೆಲಸಕ್ಕೆ ಇಳಿಯಬೇಕು. ಕೆಲಸ ಮುಗಿದು, ಎಲ್ಲರೂ ಕೆಳಗಿಳಿದು, ಎಲ್‌ಸಿ ತೆಗೆದುಕೊಂಡವರು ಅದನ್ನು ಮರಳಿಸುವವರೆಗೆ ಲೈನ್ ಚಾರ್ಜ್ ಮಾಡುವಂತಿಲ್ಲ. ಎರಡು ತಂಡಗಳು ತೆಗೆದುಕೊಂಡಿದ್ದರೆ ಎರಡೂ ಮರಳಿಸಬೇಕು.

ಗಮನಿಸಿ: ರೈಲಿನವರಿಗೆ ಲೈನ್ ಕ್ಲಿಯರ್ ಅಂದರೆ ‘ಹೋಗಬಹುದು’. ವಿದ್ಯುತ್ತಿನವರಿಗೆ ಅದೇ ಮಾತು ‘ಏನೂ ಹರಿಯಬಾರದು’. ಒಂದೇ ಊರು, ಒಂದೇ ಮಾತು, ಎದುರುಬದುರು ಅರ್ಥ. ಎರಡರಲ್ಲೂ ಜನರ ಜೀವ ಆ ಅರ್ಥದ ಮೇಲೆ ನಿಂತಿದೆ. ಪದದ ಅರ್ಥ ನಿಘಂಟಿನಲ್ಲಿರುತ್ತದೆ ಎಂದು ನಂಬಿದವರು ಈ ಎರಡು ಕಸುಬಿನವರ ಜೊತೆ ಒಂದಿಷ್ಟು ಹೊತ್ತು ನಿಲ್ಲಬೇಕು. ಅರ್ಥ ಇರುವುದು ಕಸುಬಿನಲ್ಲಿ. ಕಸುಬು ಬಲ್ಲವರ ನಡುವೆ ಪದ ತಪ್ಪುವುದಿಲ್ಲ.

ಹೊಲದ ಕಡೆ ಹೋದರೆ ‘ಲೈನ್ ಬಂತು’ ಅಂದರೆ ಮೋಟರು ನಡೆಸುವ ಥ್ರೀ ಫೇಸ್ ಬಂತು ಎಂದು. ಮನೆಯಲ್ಲಿ ಬಲ್ಬು ಉರಿಯುತ್ತಿದ್ದರೂ ರೈತರು ‘ಲೈನ್ ಇಲ್ಲ’ ಎನ್ನುವುದುಂಟು, ಅದು ಸುಳ್ಳಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಫೀಡರನ್ನೂ ಪಂಪ್‌ಸೆಟ್ಟಿನ ಫೀಡರನ್ನೂ ಬೇರೆ ಮಾಡಿದ ಮೇಲೆ ಹಳ್ಳಿಗೆ ಎರಡು ಲೈನ್ ಆದವು, ಮಾತಿಗೆ ಎರಡು ಅರ್ಥ ಬಂದವು. ಅಂಗಡಿಗಳಿಗೆ ಮಾಲು ಹಂಚುವವರ ‘ಲೈನ್ ಸೇಲ್’ ಅಂದರೆ ಗಾಡಿಯಲ್ಲಿ ಊರೂರು ತಿರುಗುವ ವ್ಯಾಪಾರ. ಹೆದ್ದಾರಿಯ ‘ಲೇನ್’ ನಮ್ಮ ನಾಲಿಗೆಯ ಮೇಲೆ ಲೈನ್ ಆಗಿ, ‘ಫೋರ್ ಲೈನ್ ರೋಡ್’ ಆಯಿತು. ಹುಬ್ಬಳ್ಳಿಯ ದುರ್ಗದ ಬೈಲಿನ ತಿಂಡಿ ಗಾಡಿಯ ಮುಂದೆ ‘ಆನ್‌ಲೈನ್ ಮಾಡ್ಲ್ಯಾ?’ ಅಂದರೆ ಫೋನಿನಿಂದ ದುಡ್ಡು ಹಾಕಲೇ ಎಂದು. ಸೈಬರ್ ಅಂಗಡಿಯಲ್ಲಿ ‘ಆನ್‌ಲೈನ್ ಮಾಡಿಸ್ಬೇಕು’ ಅಂದರೆ ಅರ್ಜಿ ತುಂಬಿಸಬೇಕು ಎಂದು. ಮತ್ತೆ ನೋಡಿ, ‘ಮಾಡು’ ಮತ್ತು ‘ಮಾಡಿಸು’ ಇವೆರಡರ ಅಂತರವೇ ಅರ್ಥವನ್ನು ಬೇರೆ ಮಾಡಿದೆ.

ಈ ಪದಕ್ಕೆ ನಾವು ತೆತ್ತ ಬೆಲೆಯೂ ಇದೆ. ಗೆರೆ, ಸಾಲು, ತಂತಿ, ದಾರ, ಹಾದಿ, ಕಸುಬು, ಪಾಳಿ — ಒಂದೊಂದಕ್ಕೂ ಒಂದೊಂದು ರುಚಿ. ಇವುಗಳಲ್ಲಿ ‘ಪಾಳಿ’ ಮೂಲೆಗೆ ಸರಿಯುತ್ತಿರುವುದು ನನಗೆ ನೋವಿನ ಸಂಗತಿ. ಲೈನ್ ಅಂದರೆ ಜನ ನಿಂತ ಆಕಾರ ಮಾತ್ರ. ಪಾಳಿ ಅಂದರೆ ಆ ಸಾಲಿನಲ್ಲಿ ನನ್ನ ಸರದಿಯೂ ಹೌದು, ನನ್ನ ಹಕ್ಕೂ ಹೌದು. ‘ನನ್ನ ಪಾಳಿ ಐತ್ರೀ’ ಎಂದು ಮುದುಕಿಯೊಬ್ಬಳು ಗಟ್ಟಿಯಾಗಿ ಹೇಳಿದರೆ ಎದುರು ಮಾತಿಲ್ಲ. ‘ನನ್ನ ಲೈನ್ ಐತ್ರೀ’ ಅಂದರೆ ಅದು ಬೇರೆಯೇ ಆಗುತ್ತದೆ. ಲೈನ್ ಎಲ್ಲಿ ಹೊಸ ಕೆಲಸಕ್ಕೆ ಬಂದಿದೆಯೋ ಅಲ್ಲಿ ಇರಲಿ. ಇದ್ದ ಪದ ಇನ್ನೂ ಚೆನ್ನಾಗಿ ದುಡಿಯುವ ಕಡೆ ಅದನ್ನೇ ಆಡೋಣ.

ನಿಘಂಟಿನ ಕೆಲಸಕ್ಕೂ ಇಲ್ಲೊಂದು ಪಾಠವಿದೆ. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ಧಾರವಾಡ ಸೀಮೆಯ ಮಾತನ್ನು ಹತ್ತಿರದಿಂದ ಕೇಳಿದವರು. 1894ರ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಅವರು ಅನೇಕ ಪದಗಳ ಮುಂದೆ ಅವು ಮೈಸೂರು ಕಡೆಯವೋ ನಮ್ಮ ಕಡೆಯವೋ ಎಂದು ಗುರುತು ಹಾಕಿದರು. ಜಿ. ವೆಂಕಟಸುಬ್ಬಯ್ಯನವರು ಹೊರಗಿನಿಂದ ಬಂದ ಪದಗಳಿಗೆಂದೇ ‘ಎರವಲು ಪದಕೋಶ’ ಮಾಡಿದರು. ಈ ಎರಡು ದಾರಿ ಕೂಡಿದರೆ ನಮಗೆ ಬೇಕಾದ ಕೋಶ ಸಿಗುತ್ತದೆ: ಎರವಲು ಪದ, ಅದರ ಜೊತೆ ಬರುವ ಕನ್ನಡ ಕ್ರಿಯಾಪದ, ಆಡುವ ಕಸುಬು, ಆಡುವ ಊರು. ನಾಲ್ಕೂ ಇಲ್ಲದೆ ‘ಲೈನ್: ಗೆರೆ, ಸಾಲು’ ಎಂದು ಬರೆದರೆ ಗೌಂಡಿಗೂ, ಟೇಲರಿಗೂ, ಸ್ಟೇಷನ್ ಮಾಸ್ತರರಿಗೂ, ಲೈನ್‌ಮನ್‌ಗೂ ಅನ್ಯಾಯವಾಗುತ್ತದೆ.

ಓದುಗರಲ್ಲಿ ನನ್ನ ಕೋರಿಕೆ ಇದು. ನಿಮ್ಮ ಕಸುಬಿನಲ್ಲಿ ಓಡಾಡುವ ಇಂಗ್ಲಿಷ್ ಪದವೊಂದನ್ನು ಆರಿಸಿಕೊಳ್ಳಿ. ಪಾಯಿಂಟ್, ಚಾರ್ಜ್, ಸೆಟ್ — ಯಾವುದಾದರೂ ಆಗಲಿ. ಅದಕ್ಕೆ ಯಾವ ಯಾವ ಕನ್ನಡ ಕ್ರಿಯಾಪದ ಹತ್ತುತ್ತದೆ, ಹತ್ತಿದಾಗ ಅರ್ಥ ಹೇಗೆ ಹೊರಳುತ್ತದೆ ಎಂದು ಬರೆದಿಡಿ. ನಾಲ್ಕು ಜನ ನಾಲ್ಕು ಕಸುಬಿನಿಂದ ಬರೆದರೂ ಸಾಕು, ಯಾವ ನಿಘಂಟಿನಲ್ಲೂ ಇನ್ನೂ ಸೇರದ ಹುಬ್ಬಳ್ಳಿಯ ಕನ್ನಡ ಕಾಗದಕ್ಕೆ ಇಳಿಯುತ್ತದೆ.