ಸೀಸೆಯ ತಳದ ಗಂಧ

ಪಾಠ ಹೇಳುವ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಎದುರಿಗೆ ಏನೇ ಬಂದರೂ ಅದಕ್ಕೆ ಅಂಕ ಹಾಕಬೇಕೆನಿಸುತ್ತದೆ. ಮದುವೆಮನೆಯ ಸಾರಿಗೆ, ಪಕ್ಕದ ಮನೆಯ ರಂಗೋಲಿಗೆ, ಸಭೆಯಲ್ಲಿ ವಂದನಾರ್ಪಣೆ ಮಾಡಿದವರ ಕನ್ನಡಕ್ಕೆ ನಾನು ಮನಸ್ಸಿನಲ್ಲೇ ಅಂಕ ಹಾಕುತ್ತಾ ಬಂದವಳು. ಆದರೆ ವಾಸನೆಗೂ ಅಂಕ ಹಾಕಬಹುದು, ಅದನ್ನೂ ಒಂದು ಕೃತಿಯಂತೆ ಓದಿ ತೀರ್ಪು ಹೇಳಬಹುದು ಎಂಬುದು ಕಳೆದ ವರ್ಷದ ಬೇಸಿಗೆ ರಜೆಯವರೆಗೆ ನನಗೆ ಹೊಳೆದಿರಲಿಲ್ಲ.

ಮಗಳು ಅಳಿಯ ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿದ್ದಾರೆ. ಅಲ್ಲಿಗೆ ಹೋಗಿದ್ದಾಗ ನೆರೆಮನೆಯ ಹೆಂಗಸೊಬ್ಬರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ‘ಭಾನುವಾರ ಕಾರ್ ಬೂಟ್ ಸೇಲಿಗೆ ಬರುತ್ತೀರಾ?’ ಎಂದು ಕರೆದರು. ಬೂಟು ಮಾರುವ ಸಂತೆಯಿರಬೇಕೆಂದುಕೊಂಡು, ನನಗೆ ಚಪ್ಪಲಿಯೇ ಸಾಕು ಎಂದೆ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾವು ಕಾರಿನ ಡಿಕ್ಕಿ ಎನ್ನುವುದಕ್ಕೆ ಅಲ್ಲಿಯವರು ಬೂಟ್ ಎನ್ನುತ್ತಾರಂತೆ. ಮನೆಯಲ್ಲಿ ಬೇಡವಾದ ಸಾಮಾನನ್ನು ಡಿಕ್ಕಿಯಲ್ಲಿ ತುಂಬಿಕೊಂಡು ಬಂದು, ಊರಾಚೆಯ ಹುಲ್ಲುಗಾವಲಿನಲ್ಲಿ ಮೇಜು ಹಾಕಿ ಮಾರುವುದೇ ಆ ಸಂತೆ.

ಬೆಳಗ್ಗೆ ಏಳಕ್ಕೆಲ್ಲ ಹೋದೆವು. ಹುಲ್ಲಿನ ಮೇಲೆ ಇನ್ನೂ ಇಬ್ಬನಿ. ಅಂಚು ಹಾರಿದ ಪಿಂಗಾಣಿ, ಒಂದು ಕಣ್ಣು ಹೋದ ಗೊಂಬೆ, ಯಾರದೋ ಅಜ್ಜನ ಕೋಟು, ಯಾರದೋ ಮದುವೆಯ ಚಿತ್ರವಿನ್ನೂ ಒಳಗೇ ಉಳಿದಿದ್ದ ಚೌಕಟ್ಟು. ಸತ್ತವರ ವಸ್ತುಗಳನ್ನು ದಾನ ಕೊಟ್ಟೋ, ನದಿಗೆ ಬಿಟ್ಟೋ ಕೈತೊಳೆದುಕೊಳ್ಳುವ ನಮ್ಮವರಿಗೆ ಅಲ್ಲಿ ನಡೆದಾಡಲು ಮೊದಮೊದಲು ಸಂಕೋಚವೇ ಆಗುತ್ತದೆ. ನನ್ನ ಜೊತೆಗಾರ್ತಿಗೆ ಇದಾವುದರ ಮೇಲೂ ಕಣ್ಣಿರಲಿಲ್ಲ. ಅವರು ಹುಡುಕುತ್ತಿದ್ದುದು ಹಳೆಯ ಸೆಂಟಿನ ಸೀಸೆಗಳನ್ನು. ಇಪ್ಪತ್ತು ವರ್ಷದಿಂದ ಅವರಿಗೆ ಅದೇ ಹುಚ್ಚು.

ಹುಚ್ಚಾದರೂ ಅದಕ್ಕೊಂದು ಶಾಸ್ತ್ರವಿದೆ. ಸೀಸೆಯನ್ನು ಬೆಳಕಿಗೆ ಹಿಡಿದು ಬಣ್ಣ ನೋಡಬೇಕು. ತೀರ ಕಪ್ಪಗಾಗಿದ್ದರೆ ಬಿಸಿಲೋ ಗಾಳಿಯೋ ಒಳಹೊಕ್ಕಿದೆ ಎಂದು ಅರ್ಥ. ದ್ರವ ಎಷ್ಟು ಇಳಿದಿದೆ ನೋಡಬೇಕು. ಗಾಜಿನ ಬಿರಡೆ ಅಂಟಿಕೊಂಡು ಕೂತಿದ್ದರೆ ಬೇಸರಪಡಬಾರದು, ಅದೇ ಒಳಗಿನದನ್ನು ಕಾದಿರುತ್ತದೆ. ರಟ್ಟಿನ ಡಬ್ಬಿ ಸಹಿತ ಸಿಕ್ಕಿದರೆ ಇನ್ನೂ ಒಳ್ಳೆಯದು, ಕತ್ತಲಲ್ಲಿ ಇದ್ದದ್ದಕ್ಕೆ ಅದೇ ಸಾಕ್ಷಿ. ಚರ್ಮಕ್ಕೆ ಒಗ್ಗದಿರಬಹುದಾದ 26 ಸುಗಂಧ ಪದಾರ್ಥಗಳ ಹೆಸರನ್ನು ಮುದ್ರಿಸಲೇಬೇಕೆಂಬ ನಿಯಮ ಯೂರೋಪಿನಲ್ಲಿ 2005ರಿಂದ ಜಾರಿಗೆ ಬಂತು. ಆದ್ದರಿಂದ ಡಬ್ಬಿಯ ತಳದಲ್ಲಿ ಉದ್ದನೆಯ ಪಟ್ಟಿಯಿದ್ದರೆ ಅದು ಈಚಿನದು, ಇಲ್ಲದಿದ್ದರೆ ಬಹುಮಟ್ಟಿಗೆ ಹಿಂದಿನದು. ಹಸ್ತಪ್ರತಿಯ ಕಾಲ ನಿರ್ಣಯ ಮಾಡುವ ಪಂಡಿತರಂತೆ ಆಕೆ ಡಬ್ಬಿಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ನಡುವಯಸ್ಸಿನ ಒಬ್ಬಾತ ತೀರಿಹೋದ ತಾಯಿಯ ಸಾಮಾನುಗಳನ್ನು ಹರಡಿಕೊಂಡು ಕೂತಿದ್ದ. ಬಳೆ, ಬಾಚಣಿಗೆ, ಕೈಚೀಲಗಳ ನಡುವೆ ಕುಂಕುಮಗೆಂಪಿನ ಒಂದು ಸೀಸೆ. ಜೊತೆಗಾರ್ತಿ ಅದನ್ನೆತ್ತಿ ಅಲ್ಲಾಡಿಸಿ, ನನ್ನ ಕೈಗಿತ್ತು, ‘ಇದನ್ನು ನೀವೇ ತೆಗೆದುಕೊಳ್ಳಬೇಕು. ಇದರಲ್ಲಿ ಮೈಸೂರ್ ಇದೆ’ ಎಂದರು. ಮೈಸೂರಿನ ಶ್ರೀಗಂಧ ಎನ್ನಲಿಲ್ಲ, ಬರೀ ಮೈಸೂರ್ ಎಂದರು. ಸುಗಂಧದ ಕಸುಬಿನವರಿಗೆ ನಮ್ಮೂರು ಒಂದು ಊರಲ್ಲವಂತೆ, ಒಂದು ವಾಸನೆಯ ಹೆಸರಂತೆ. ಮಾರುವವ ಆರು ಪೌಂಡು ಕೇಳಿದ. ‘ಅಮ್ಮ ಇದನ್ನು ಹಬ್ಬಕ್ಕೆ ಮಾತ್ರ ಹಾಕಿಕೊಳ್ಳುತ್ತಿದ್ದಳು’ ಎಂದೂ ಹೇಳಿದ. ದೇವರಾಜ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ನನಗೆ ಆ ಮಾತಿನ ಮೇಲೆ ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಸೀಸೆಯ ಮೇಲಿದ್ದ ಹೆಸರು ‘ಸಂಸಾರ’. ಪ್ಯಾರಿಸ್ಸಿನ ಗೆರ್ಲೇನ್ ಸಂಸ್ಥೆಯ ಜ್ಯಾಂ-ಪಾಲ್ ಗೆರ್ಲೇನ್ ರಚಿಸಿ 1989ರಲ್ಲಿ ಹೊರತಂದ ಸುಗಂಧವಿದು. ಮಲ್ಲಿಗೆ ಮತ್ತು ಶ್ರೀಗಂಧ ಇದರ ಎರಡು ಕಂಬಗಳು. ಅದೇ ಮನೆತನದವರು 1925ರಲ್ಲಿ ‘ಶಾಲಿಮಾರ್’ ಎಂದು ಮೊಗಲರ ತೋಟದ ಹೆಸರಿಟ್ಟವರು. ಹೆಸರಿಗೆ ಮಾತ್ರ ನಾನು ಹೆಚ್ಚು ಅಂಕ ಕೊಡಲಾರೆ. ಅವರಿಗೆ ಸಂಸಾರವೆಂದರೆ ಹುಟ್ಟುಸಾವುಗಳ ಚಕ್ರ, ಪೂರ್ವದೇಶದ ನಿಗೂಢ. ನಮಗೆ ಸಂಸಾರವೆಂದರೆ ಗಂಡ, ಮಕ್ಕಳು, ರೇಷನ್ ಕಾರ್ಡು, ತಿಂಗಳ ಕೊನೆ. ಅದರ ವಾಸನೆ ಒಗ್ಗರಣೆಯದು.

ಹಳೆಯ ಸೀಸೆಗಾಗಿ ಇಷ್ಟೊಂದು ಪರದಾಟ ಏಕೆ? ಅಂಗಡಿಯಲ್ಲಿ ಅದೇ ಹೆಸರಿನದು ಹೊಸದಾಗಿಯೇ ಸಿಗುತ್ತದಲ್ಲ? ಇಲ್ಲಿಯೇ ಇರುವುದು ವಿಷಯ. ಹೆಸರು ಅದೇ, ಒಳಗಿನದು ಬೇರೆ. 1919ರಲ್ಲಿ ಬಂದ ‘ಮಿತ್ಸುಕೊ’ ಎಂಬ ಪ್ರಸಿದ್ಧ ಸುಗಂಧಕ್ಕೆ ಓಕ್ ಮರದ ಪಾಚಿಯೇ ಆಧಾರ. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಂಧು ಅದು. ಅದರಲ್ಲಿರುವ ಅಟ್ರನಾಲ್, ಕ್ಲೋರೋಅಟ್ರನಾಲ್ ಎಂಬ ಎರಡು ಅಂಶಗಳಿಂದ ಕೆಲವರ ಚರ್ಮ ಕೆರಳುತ್ತದೆಂದು ಯೂರೋಪಿಯನ್ ಒಕ್ಕೂಟ 2017ರಲ್ಲಿ ಅವನ್ನು ನಿಷೇಧಿಸಿತು. ತಯಾರಕರು ಆ ಅಂಶಗಳನ್ನು ತೆಗೆದ ಪಾಚಿಯಿಂದ ಮತ್ತೆ ಕಟ್ಟಬೇಕಾಯಿತು. ಶ್ರೀಗಂಧದ ಕಥೆ ಬೇರೆ. ಅದನ್ನು ಯಾರೂ ನಿಷೇಧಿಸಲಿಲ್ಲ, ಅದು ಸಿಗದಂತಾಯಿತು. ಈಗ ಅದೇ ಜಾತಿಯ ಮರವನ್ನು ಪಶ್ಚಿಮ ಆಸ್ಟ್ರೇಲಿಯದ ಕುನುನುರ್ರಾದಲ್ಲಿ ತೋಪು ತೋಪಾಗಿ ಬೆಳೆಸುತ್ತಾರೆ. ಜಾವಾನಾಲ್‌ನಂಥ ಪ್ರಯೋಗಶಾಲೆಯ ಗಂಧಗಳೂ ಬಂದಿವೆ.

ನನ್ನ ಆಕ್ಷೇಪ ಬದಲಾವಣೆಯ ಬಗ್ಗೆ ಅಲ್ಲ, ಮೌನದ ಬಗ್ಗೆ. ಪುಸ್ತಕವನ್ನು ತಿದ್ದಿ ಅಚ್ಚು ಹಾಕಿದರೆ ‘ಪರಿಷ್ಕೃತ ಮುದ್ರಣ’ ಎಂದು ಒಳಪುಟದಲ್ಲಿ ಹೇಳುವ ಮರ್ಯಾದೆ ನಮ್ಮ ಸಣ್ಣ ಪ್ರಕಾಶಕರಿಗೂ ಇದೆ. ಸುಗಂಧದ ಡಬ್ಬಿಯ ಮೇಲೆ ಅಂಥ ಮಾತನ್ನು ನಾನು ಕಾಣಲಿಲ್ಲ. ಓದುಗನಿಗೆ ಹೇಳದೆ ಕಾವ್ಯದ ಸಂಧಿಗಳನ್ನು ತೆಗೆದು, ಹೊಸ ಪದ್ಯ ಸೇರಿಸಿ, ಹಳೆಯ ಕವಿಯ ಹೆಸರನ್ನೇ ಇಟ್ಟು ಮಾರಿದಂತೆ ಇದು. ಹಾಗಾಗಿ ಪಾಠಾಂತರ ಹುಡುಕುವವರು ಸಂತೆಗೆ ಹೋಗಬೇಕಾಗಿದೆ.

ಮಾರನೆಯ ದಿನ ಮಗಳೊಂದಿಗೆ ದೊಡ್ಡ ಅಂಗಡಿಗೆ ಹೋಗಿ, ಗಿರಾಕಿಗಳಿಗೆಂದು ಇಟ್ಟಿದ್ದ ಹೊಸ ‘ಸಂಸಾರ’ವನ್ನು ಬಲ ಮಣಿಕಟ್ಟಿಗೆ ಹಾಕಿಕೊಂಡೆ. ಮನೆಗೆ ಬಂದೊಡನೆ ಎಡ ಮಣಿಕಟ್ಟಿಗೆ ಹಳೆಯದು. ಉತ್ತರಪತ್ರಿಕೆ ತಿದ್ದುವವಳಂತೆ ಗಡಿಯಾರ ನೋಡುತ್ತಾ ಕೂತೆ.

ಮೊದಲ ಹತ್ತು ನಿಮಿಷ ಹಳೆಯದು ಸೋತಿತು. ಉಗುರುಬಣ್ಣದ ಘಾಟು, ಕೆಟ್ಟ ನಿಂಬೆಯ ಒಗರು. ಸುಗಂಧದಲ್ಲಿ ಹಗುರವಾದದ್ದು ಮೊದಲು ಹಾರುತ್ತದೆ, ಮೊದಲು ಕೆಡುವುದೂ ಅದೇ. ಹೊಸದು ಆಗ ಬೆಳಗಿನಂತೆ ತಿಳಿಯಾಗಿ ಅರಳಿಕೊಂಡಿತ್ತು. ಅರ್ಧ ಗಂಟೆಗೆ ಎರಡರಲ್ಲೂ ಮಲ್ಲಿಗೆ ಬಂತು. ಹೊಸದರದು ಈಗ ತಾನೇ ಕಟ್ಟಿದ ಮಾಲೆ. ಹಳೆಯದರದು ರಾತ್ರಿಯೆಲ್ಲ ಮುಡಿಯಲ್ಲಿದ್ದು ಬೆಳಗ್ಗೆ ದಿಂಬಿನ ಮೇಲೆ ಉಳಿದ ದುಂಡುಮಲ್ಲಿಗೆ. ಎರಡಕ್ಕೂ ಸಮ ಅಂಕ. ಮಧ್ಯಾಹ್ನದ ಹೊತ್ತಿಗೆ ತೀರ್ಪು ತಿರುಗಿತು. ಹೊಸದರ ಗಂಧ ಗಟ್ಟಿಯಾಗಿ, ನೇರವಾಗಿ, ಒಂದೇ ಮಾತನ್ನು ಹೇಳುತ್ತಾ ಹೋಯಿತು. ಹಳೆಯದರ ಗಂಧ ಕೆನೆಹಾಲಿನಂತೆ ಮೆಲ್ಲಗೆ ಹರಡಿ, ಅಂಚಿನಲ್ಲಿ ಮಜ್ಜಿಗೆಯ ಹುಳಿ, ಆಮೇಲೆ ಒಂದಿಷ್ಟು ಗುಲಾಬಿ, ಮತ್ತೆ ಮರ, ಹೀಗೆ ಹೊರಳುತ್ತಾ ಇತ್ತು. ಮರುದಿನ ಬೆಳಗ್ಗೆ ಸ್ವೆಟರಿನ ತೋಳಿನಲ್ಲಿ ಅದು ಇನ್ನೂ ಇತ್ತು. ಆರಂಭಕ್ಕೆ ಹೊಸದು, ಮುಕ್ತಾಯಕ್ಕೆ ಹಳೆಯದು. ಇದು ನನ್ನ ಮೂಗಿನ ತೀರ್ಪು.

ಸಂಗ್ರಾಹಕರು ಇದನ್ನು ಒಪ್ಪುವುದಿಲ್ಲ. ಅವರಿಗೆ ಹಳೆಯದೇ ಮೂಲ, ಹೊಸದೆಲ್ಲ ಅಪಭ್ರಂಶ. ಆದರೆ ನನ್ನ ಸೀಸೆಯೂ ಮೂಲವಲ್ಲ. ಮೊದಲ ಗರಿಗಳನ್ನು ಗೆದ್ದಲು ತಿಂದ ಓಲೆಗರಿಯ ಕಟ್ಟು ಅದು. ಅದೇ ಸುಗಂಧ 1989ರಲ್ಲಿ ಹೇಗೆ ಶುರುವಾಗುತ್ತಿತ್ತೆಂದು ಅದು ಹೇಳಲಾರದು. ಇನ್ನೊಂದು ಮಾತು, ಆ ಕಾಲದ ‘ಸಂಸಾರ’ದಲ್ಲೂ ನಿಜವಾದ ಗಂಧದ ಜೊತೆಗೆ ಕೃತಕ ಗಂಧ ಬೆರೆತೇ ಇತ್ತು. ಪಾಠವನ್ನು ಸರಿಯಾಗಿ ಉಳಿಸಬೇಕೆಂದರೆ ಸಂತೆ ಸಾಲದು. ಫ್ರಾನ್ಸಿನ ವರ್ಸೈಲ್ಸ್‌ನಲ್ಲಿ 1990ರಲ್ಲಿ ಆರಂಭವಾದ ಆಸ್ಮೊಥೆಕ್ ಎಂಬ ಸುಗಂಧ ಭಂಡಾರವಿದೆ. ಅಲ್ಲಿ ಸುಗಂಧಗಳನ್ನು 12 ಡಿಗ್ರಿ ತಂಪಿನಲ್ಲಿ, ಬೆಳಕು ಸೋಕದಂತೆ, ಗಾಳಿಯ ಬದಲು ಆರ್ಗಾನ್ ಅನಿಲ ತುಂಬಿ ಕಾಪಾಡುತ್ತಾರೆ. ನಿಂತುಹೋದವನ್ನು ಮೂಲ ಸೂತ್ರ ಹಿಡಿದು ಮತ್ತೆ ಕಟ್ಟುತ್ತಾರೆ. ನಮ್ಮ ಓರಿಯಂಟಲ್ ಲೈಬ್ರರಿಯ ಓಲೆಗರಿಗಳ ಆರೈಕೆಯಂಥದೇ ಕೆಲಸ.

ಕಳೆದುಹೋದುದಕ್ಕೆಲ್ಲ ಒಂದೇ ತೂಕದ ದುಃಖವೂ ಸಲ್ಲದು. ಮೃಗವನ್ನು ಕೊಂದು ತೆಗೆಯುತ್ತಿದ್ದ ಕಸ್ತೂರಿ ಹೊಸ ಸೀಸೆಗಳಿಂದ ಮರೆಯಾದದ್ದಕ್ಕೆ ನಾನು ಒಂದು ಹನಿ ಕಣ್ಣೀರೂ ಹಾಕಲಾರೆ. ಪಾಚಿಯ ವಿಷಯದಲ್ಲಿ ವಾದಕ್ಕೆ ಜಾಗವಿದೆ. ಶ್ರೀಗಂಧದ ವಿಷಯಕ್ಕೆ ಬಂದಾಗ ಮಾತ್ರ ನನಗೆ ವಿಮರ್ಶಕಿಯಾಗಿ ದೂರ ನಿಲ್ಲಲು ಆಗುವುದಿಲ್ಲ.

ಮೊದಲ ಮಹಾಯುದ್ಧದಿಂದ ಯೂರೋಪಿಗೆ ನಮ್ಮ ಗಂಧದ ಮರ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಎಣ್ಣೆಯನ್ನು ಇಲ್ಲಿಯೇ ತೆಗೆಯಬೇಕೆಂದು ಕಾರ್ಖಾನೆ ಶುರುಮಾಡಿಸಿದರು. ಅದು 1916. ಇದನ್ನು ನಾನು ತರಗತಿಯಲ್ಲಿ ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಮರಕ್ಕೆ ಅವಸರವಿಲ್ಲ. ಒಳ್ಳೆಯ ಎಣ್ಣೆ ಕೊಡುವ ಚೇಗು ಬಲಿಯಲು ಮೂವತ್ತು ವರ್ಷವಾದರೂ ಬೇಕು. ಬೇರಿನಲ್ಲಿ ಎಣ್ಣೆ ಹೆಚ್ಚಾದ್ದರಿಂದ ಬುಡಸಮೇತ ಕೀಳುತ್ತಾರೆ. ಕಾಡಿನ ರೋಗ, ಕಳ್ಳಸಾಗಣೆ, ಪ್ರಪಂಚದ ಆಸೆ, ಮೂರೂ ಸೇರಿ ಮರ ಸೋತಿತು.

ಹುಣಸೂರು ಕಡೆಯ ನಮ್ಮ ಹಳ್ಳಿಮನೆಯ ಹಿತ್ತಲಲ್ಲಿ ತಾನಾಗಿ ಹುಟ್ಟಿದ ಒಂದು ಗಂಧದ ಮರವಿತ್ತು. ಟಿಪ್ಪುವಿನ ಕಾಲದಿಂದ ಅದು ಅರಸರ ಮರ, ಆಮೇಲೆ ಸರ್ಕಾರದ ಮರ. ಹಿತ್ತಲು ನಮ್ಮದು, ಮರ ನಮ್ಮದಲ್ಲ. ಕಾಯುವ ಹೊಣೆ ಮಾತ್ರ ನಮ್ಮದು. ನಾನು ಏಳನೆಯ ತರಗತಿಯಲ್ಲಿದ್ದಾಗ, 1980ರಲ್ಲಿ, ಒಂದು ರಾತ್ರಿ ಅದನ್ನು ಯಾರೋ ಕಡಿದುಕೊಂಡು ಹೋದರು. ಅಪ್ಪ ಊರಲ್ಲಿರಲಿಲ್ಲ. ಪಂಚನಾಮೆಗೆ ಬಂದವರು ಅಮ್ಮನನ್ನು ಅಂಗಳದಲ್ಲಿ ನಿಲ್ಲಿಸಿ, ಕಳ್ಳರಿಗೆ ದಾರಿ ತೋರಿಸಿದವಳು ಅವಳೇ ಎಂಬಂತೆ ಪ್ರಶ್ನೆ ಕೇಳಿದರು. ಅಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು. ಮರ ಹೋದದ್ದಕ್ಕೆ ಅಳಲೂ ಅವಳಿಗೆ ಪುರುಸೊತ್ತು ಸಿಗಲಿಲ್ಲ. ನೆಲದ ಒಡೆಯನಿಗೇ ಗಂಧದ ಮರ ಸೇರುತ್ತದೆಂದು ಕಾಯಿದೆ ತಿದ್ದುಪಡಿಯಾದದ್ದು 2001ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಹಿತ್ತಲೂ ಪಾಲಾಗಿತ್ತು.

ರಜೆ ಮುಗಿಸಿ ಬಂದವಳು ಕೆಂಪು ಸೀಸೆಯನ್ನು ಅಮ್ಮನ ಮುಂದಿಟ್ಟೆ. ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ, ಮೂಗು ಚುರುಕಾಗಿದೆ. ಬಿರಡೆ ತೆಗೆದು ಅವಳ ಮುಂಗೈಗೆ ಒಂದು ಹನಿ ಮುಟ್ಟಿಸಿ, ‘ಈಗಲೇ ನೋಡಬೇಡಮ್ಮ, ಸ್ವಲ್ಪ ಹೊತ್ತು ಬಿಡು’ ಎಂದೆ. ಸಂಜೆ ದೀಪ ಹಚ್ಚಿದ ಮೇಲೆ ಅವಳೇ ಮುಂಗೈಯನ್ನು ಮೂಗಿನ ಹತ್ತಿರ ತಂದುಕೊಂಡಳು. ತೇದ ಗಂಧ, ಪೂಜೆ, ತವರುಮನೆ, ಇಂಥದೇನಾದರೂ ಹೇಳುತ್ತಾಳೆಂದು ನಾನು ಕಾದಿದ್ದೆ.

‘ಮರ ಕಡಿದ ದಿನ ಹಿತ್ತಲೆಲ್ಲ ಇದೇ ವಾಸನೆ ಕಣೇ’ ಎಂದಳು. ‘ನಿಂತಿದ್ದಾಗ ಅದಕ್ಕೆ ಒಂದು ದಿನವೂ ವಾಸನೆ ಇರಲಿಲ್ಲ.’

ಗಂಧವಿರುವುದು ಒಳಗಿನ ಚೇಗಿನಲ್ಲಿ. ಹಸಿರಾಗಿ ನಿಂತ ಮರದ ಎಲೆಯನ್ನಾಗಲಿ ತೊಗಟೆಯನ್ನಾಗಲಿ ಮೂಸಿದರೆ ಏನೂ ಸಿಗುವುದಿಲ್ಲ. ಇದು ನಾನು ಮಕ್ಕಳಿಗೆ ಹೇಳುವ ಪಾಠವೇ. ಆದರೂ ಎಡಗೈ ಮೂಸಿ ಅಂಕ ಹಾಕುವಾಗ ನನಗೆ ನೆನಪಾಗಿರಲಿಲ್ಲ. ಮುಕ್ತಾಯಕ್ಕೆ ಹಳೆಯದು ಎಂಬ ತೀರ್ಪನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಅದು ನಿಜ. ಆದರೆ ಆ ಮುಕ್ತಾಯ ಯಾವುದರದು ಎಂಬುದನ್ನೂ ತೀರ್ಪಿನ ಜೊತೆಗೇ ಬರೆಯಬೇಕಾಗಿತ್ತು. ಈಗ ಬರೆದಿದ್ದೇನೆ.

ಅಮ್ಮ ಮುಂಗೈಯನ್ನು ತೊಳೆದುಕೊಳ್ಳಲಿಲ್ಲ. ಸೀಸೆಯನ್ನು ಬೀರುವಿನ ಒಳಗೆ, ಬೆಳಕು ಬೀಳದ ಕಡೆ, ಅವಳ ಧಾರೆಸೀರೆಯ ಪಕ್ಕದಲ್ಲಿ ಇಡಿಸಿದಳು.